ಬಗ್ ವರದಿ, ಪ್ರಾಜೆಕ್ಟ್ ವರದಿ ಬರೆಯಲು ತಡವರಿಸುವುದು ಇಂಗ್ಲಿಷಿನ ಕೊರತೆಯೇ?

ಪ್ರಶ್ನೆ: ಹೇಮಾವತಿ ದಂಡೆಯ ವಿದ್ಯಾರ್ಥಿನಿ

ಮಾನ್ಯರೇ, ನಾನು ಮಾಹಿತಿ ವಿಜ್ಞಾನ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರೋಗ್ರಾಮ್ ಬರೆಯುವುದರಲ್ಲಿ ನನಗೆ ಅಂಥ ಅಳುಕಿಲ್ಲ. ಆದರೆ ಮಾಡಿದ್ದನ್ನು ಇನ್ನೊಬ್ಬರಿಗೆ ಬರೆದು ತಿಳಿಸಬೇಕಾದಾಗ ಕೈ ಕಟ್ಟಿದಂತಾಗುತ್ತದೆ.

ಇಂಟರ್ನ್‌ಶಿಪ್ ಮಾಡುತ್ತಿರುವ ಕಡೆ, ಲಾಗಿನ್ ಆಗುತ್ತಿಲ್ಲ, ದಯವಿಟ್ಟು ನೋಡಿ ಎಂಬ ಒಂದು ಸಾಲನ್ನು ತಂಡದ ಚಾಟ್‌ನಲ್ಲಿ ಇಂಗ್ಲಿಷಿನಲ್ಲಿ ಹಾಕಿದೆ. ಸಂಜೆಯವರೆಗೆ ಯಾರೂ ಉತ್ತರಿಸಲಿಲ್ಲ. ಕೊನೆಗೆ ತಂಡದ ಹಿರಿಯರೊಬ್ಬರು, ನಿನ್ನ ಸಂದೇಶಕ್ಕೆ ಉತ್ತರ ಕೊಡಬೇಕಾದರೆ ಮೊದಲು ನಾನೇ ನಿನಗೆ ಐದು ಪ್ರಶ್ನೆ ಕೇಳಬೇಕಾಗುತ್ತದೆ ಎಂದರು. ಅದೇ ವಾರ ಗೈಡ್ ನನ್ನ ಪ್ರಾಜೆಕ್ಟ್ ವರದಿಯ ಕರಡನ್ನು ಹಿಂದಿರುಗಿಸಿದರು, ಸಾರಾಂಶದ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ "ಇದರಲ್ಲಿ ನೀನು ಮಾಡಿದ್ದೇನು?" ಎಂದಷ್ಟೇ ಬರೆದಿದ್ದರು. ಮನೆಯಲ್ಲಿ ಮೂರು ತಿಂಗಳ ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರು ಎನ್ನುತ್ತಿದ್ದಾರೆ. ನನ್ನ ತೊಡಕು ನಿಜವಾಗಿ ಅಲ್ಲಿಯೇ ಇದೆಯೇ? ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಹಳೆಯ ಟೆಸ್ಟರ್, ಬೆಂಗಳೂರು

ತಂಗೀ, ತರಗತಿಗೆ ಸೇರುವ ಮೊದಲು ಆ ಒಂದು ಸಾಲನ್ನೇ ಕನ್ನಡದಲ್ಲಿ ಓದಿ ನೋಡಿ. "ಲಾಗಿನ್ ಆಗುತ್ತಿಲ್ಲ" ಎಂಬುದು ಶುದ್ಧ ಕನ್ನಡದಲ್ಲಿದ್ದರೂ ನನಗೆ ಏನೂ ತಿಳಿಯುವುದಿಲ್ಲ. ಪುಟವೇ ತೆರೆದುಕೊಳ್ಳುತ್ತಿಲ್ಲವೋ, ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲವೋ, ಪಾಸ್‌ವರ್ಡ್ ತಪ್ಪು ಎಂದು ತೋರಿಸುತ್ತಿದೆಯೋ, ಒಟಿಪಿ ಬರುತ್ತಿಲ್ಲವೋ, ಅಥವಾ ಒಳಗೆ ಹೋದಂತೆ ಮಾಡಿ ಮತ್ತೆ ಅದೇ ಪುಟಕ್ಕೆ ತಂದು ನಿಲ್ಲಿಸುತ್ತಿದೆಯೋ? ಈ ಐದೂ ಬೇರೆ ಬೇರೆ ದೋಷಗಳು. ಅವನ್ನು ಸರಿಪಡಿಸುವವರೂ ಬಹುಶಃ ಬೇರೆ ಬೇರೆಯವರೇ. ನಿಮ್ಮ ಹಿರಿಯರು ಕೇಳಬೇಕಾಗಿದ್ದ ಐದು ಪ್ರಶ್ನೆಗಳು ಇವೇ ಇರಬೇಕು.

ಬಗ್ ವರದಿಯಲ್ಲಿ, ಅಂದರೆ ತಂತ್ರಾಂಶದ ದೋಷವನ್ನು ತಿಳಿಸುವ ಬರಹದಲ್ಲಿ, ಇರಬೇಕಾದದ್ದು ಬಹಳವಿಲ್ಲ: ಯಾವ ಆವೃತ್ತಿ, ಯಾವ ಬ್ರೌಸರ್ ಅಥವಾ ಫೋನ್, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಟ್ಟಿರಿ, ಏನಾಗಬೇಕಿತ್ತು, ಏನಾಯಿತು, ಪ್ರತಿ ಸಲವೂ ಹೀಗಾಗುತ್ತದೆಯೇ. ಆದರೆ ಇವೆಲ್ಲಕ್ಕಿಂತ ಕಷ್ಟವಾದದ್ದು ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆಯಾಗಿ ಇಡುವುದು. "ಡೇಟಾಬೇಸ್ ಕೆಟ್ಟಿದೆ" ಎಂದು ಹೊಸಬರು ಬರೆಯುತ್ತಾರೆ. ಅವರು ನಿಜವಾಗಿ ಕಂಡದ್ದು 500 ಎಂಬ ದೋಷಸಂಖ್ಯೆಯನ್ನು ಮಾತ್ರ. ಆ ಸಂಖ್ಯೆ ಸರ್ವರ್ ಕಡೆ ಏನೋ ಎಡವಿದೆ ಎಂದಷ್ಟೇ ಹೇಳುತ್ತದೆ, ಡೇಟಾಬೇಸಿನ ಹೆಸರನ್ನೆತ್ತುವುದೇ ಇಲ್ಲ. ಊಹೆಯನ್ನು ಬರೆಯಬಾರದೆಂದಲ್ಲ, ಅದು ಊಹೆ ಎಂದು ಹೇಳಿ ಬರೆಯಬೇಕು. ಹಿಂದೊಮ್ಮೆ ನಾನೇ ಊಹೆಯನ್ನು ಕಂಡದ್ದೆಂಬಂತೆ ಬರೆದು, ಇಬ್ಬರು ಸಹೋದ್ಯೋಗಿಗಳು ಒಂದಿಡೀ ದಿನ ಇಲ್ಲದ ಕಡೆ ಹುಡುಕುವಂತೆ ಮಾಡಿದ್ದೇನೆ.

ಇನ್ನೊಂದು ಮಾತು. ದೋಷದ ಸಂದೇಶವನ್ನು ಫೋಟೊ ತೆಗೆದು ಕಳುಹಿಸುವುದಕ್ಕಿಂತ ಅಕ್ಷರಗಳಾಗಿಯೇ ನಕಲಿಸಿ ಅಂಟಿಸಿ. ಅಕ್ಷರವನ್ನು ಹುಡುಕಬಹುದು; ಚಿತ್ರವನ್ನು ಕಣ್ಣು ಕಿರಿದು ಮಾಡಿಕೊಂಡು ಓದಬೇಕಷ್ಟೆ. ಚಾಟ್‌ನಲ್ಲಿ "ನಮಸ್ಕಾರ ಸರ್" ಎಂದು ಬರೆದು, ಪ್ರತಿನಮಸ್ಕಾರ ಬರುವವರೆಗೆ ವಿಷಯ ಹೇಳದೆ ಕಾಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಅದು ವಿನಯವೇ ನಿಜ, ಆದರೆ ಆ ವಿನಯದಲ್ಲಿ ಅರ್ಧ ದಿನ ಕಳೆದುಹೋಗುತ್ತದೆ.

ಉತ್ತರ 2: ಉಪನ್ಯಾಸಕ, ತಾಂತ್ರಿಕ ಕಾಲೇಜು

ಗೈಡ್ ಬರೆದ ಕೆಂಪು ಶಾಯಿಯ ಸಾಲಿನ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಪ್ರತಿ ವರ್ಷ ಅದೇ ಸಾಲನ್ನು ನಾನೂ ಬರೆಯುತ್ತೇನೆ. ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಹೇಗಿರುತ್ತವೆಂದರೆ, ತಂತ್ರಜ್ಞಾನ ಅತಿವೇಗವಾಗಿ ಬೆಳೆಯುತ್ತಿರುವ ಈ ಆಧುನಿಕ ಯುಗದಲ್ಲಿ ಎಂದು ಆರಂಭವಾಗಿ, ಪೈಥಾನ್ ಭಾಷೆಯ ಚರಿತ್ರೆಗೆ ನಾಲ್ಕು ಪುಟ ಕೊಟ್ಟು, ಆರ್ಥಿಕ, ತಾಂತ್ರಿಕ ಮತ್ತು ಸಾಮಾಜಿಕ ಸಾಧ್ಯತೆ ಎಂಬ ಮೂರು ಕಂಡಿಕೆಗಳನ್ನು ಹಿಂದಿನ ಬ್ಯಾಚಿನ ವರದಿಯಿಂದ ಅಕ್ಷರಶಃ ಎತ್ತಿಕೊಂಡು, ಪರೀಕ್ಷೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಎಲ್ಲ ಪರೀಕ್ಷೆಗಳೂ ಯಶಸ್ವಿಯಾದವು, ಯಾವ ದೋಷವೂ ಕಂಡುಬರಲಿಲ್ಲ ಎಂದು ಮುಗಿದುಹೋಗುತ್ತವೆ. ಒಂದು ದೋಷವೂ ಕಾಣದ ಪ್ರಾಜೆಕ್ಟನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ವೈವಾದಲ್ಲಿ ಅದೇ ವಿದ್ಯಾರ್ಥಿಯನ್ನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆ ಎಂದು ಕೇಳಿದರೆ ಹತ್ತು ನಿಮಿಷ ಸೊಗಸಾಗಿ ಮಾತನಾಡುತ್ತಾನೆ. ಆ ಹತ್ತು ನಿಮಿಷ ವರದಿಯಲ್ಲಿ ಎಲ್ಲಿಯೂ ಇರುವುದಿಲ್ಲ.

ಇದಕ್ಕೆ ನಾವು ಅಧ್ಯಾಪಕರೂ ಹೊಣೆಗಾರರು. ಪುಟ ತುಂಬಿದಷ್ಟೂ ಅಂಕ ಎಂಬ ನಂಬಿಕೆಯನ್ನು ಹೈಸ್ಕೂಲಿನಿಂದಲೇ ಬೆಳೆಸಿ, ಕೊನೆಯ ವರ್ಷದಲ್ಲಿ ಇದ್ದಕ್ಕಿದ್ದಂತೆ ಚಿಕ್ಕದಾಗಿ ಬರೆ ಎಂದರೆ ಮಕ್ಕಳು ಏನು ಮಾಡಬೇಕು? ನಾನು ಹೇಳುವ ಉಪಾಯವಿಷ್ಟು: ಸಾರಾಂಶವನ್ನು ಕೊನೆಗೆ ಬರೆಯಿರಿ. ಅದಕ್ಕೂ ಮೊದಲು, ಹಾಸ್ಟೆಲಿನಲ್ಲಿ ಸಿವಿಲ್ ವಿಭಾಗದ ಗೆಳತಿಯೊಬ್ಬರನ್ನು ಕೂರಿಸಿಕೊಂಡು, ಇಂಥ ತೊಂದರೆ ಇತ್ತು, ನಾನು ಇಂಥದ್ದನ್ನು ಮಾಡಿದೆ, ಅದರಿಂದ ಇಷ್ಟಾಯಿತು, ಇಷ್ಟು ಆಗಲಿಲ್ಲ ಎಂದು ಬಾಯಿಮಾತಿನಲ್ಲಿ ಹೇಳಿ. ಅವರು ಎಲ್ಲಿ "ಹಾಗಂದರೇನು?" ಎನ್ನುತ್ತಾರೋ ಅಲ್ಲಿ ಗುರುತು ಮಾಡಿಕೊಳ್ಳಿ. ನಿಮ್ಮದೇ ವಿಭಾಗದವರು ಈ ಕೆಲಸಕ್ಕೆ ಬಾರರು. ಅವರಿಗೆ ಅರ್ಥವಾಗದಿದ್ದರೂ ತಲೆಯಾಡಿಸುತ್ತಾರೆ.

ಉತ್ತರ 3: ಕಲಬುರಗಿಯವ, ಉದ್ಯೋಗಕ್ಕೆ ಸೇರಿ ಎರಡು ವರ್ಷ

ಹಿರಿಯರಿಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಸೂಚಿಸುತ್ತೇನೆ. ಇಂಗ್ಲಿಷ್ ತೊಡಕೇ ಅಲ್ಲ ಎನ್ನುವುದು, ಅದು ಬಂದವರಿಗೆ ಸುಲಭವಾದ ಮಾತು. ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಯಲ್ಲಿ ವಿಚಾರ ತಲೆಯಲ್ಲಿದ್ದೂ ಬಾಯಿಗೆ ಬಾರದೆ ನಾನು ಎರಡು ಬಾರಿ ಹೊರಬಿದ್ದಿದ್ದೇನೆ. ಆದ್ದರಿಂದ ಮನೆಯವರು ಹೇಳುವ ತರಗತಿಯನ್ನು ತಳ್ಳಿಹಾಕಬೇಡಿ, ಆದರೆ ಅದರಿಂದ ಎಲ್ಲವೂ ಬಗೆಹರಿಯುತ್ತದೆ ಎಂದೂ ತಿಳಿಯಬೇಡಿ.

ನನಗೆ ಉಪಯೋಗವಾದದ್ದು ಗಿಟ್‌ನ ಕಮಿಟ್ ಸಂದೇಶ, ಅಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನದಲ್ಲಿ ಪ್ರತಿ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ. ಕಾಲೇಜಿನಲ್ಲಿ "ಫಿಕ್ಸ್", "ಫೈನಲ್ ಫಿಕ್ಸ್", "ಫೈನಲ್ ಫಿಕ್ಸ್ 2" ಎಂದು ಬರೆಯುತ್ತಿದ್ದೆ. ಮೊದಲ ಸಾಲು ಸುಮಾರು 50 ಅಕ್ಷರಗಳೊಳಗೆ ಇರಬೇಕು, ಆಮೇಲೆ ಒಂದು ಸಾಲು ಖಾಲಿ ಬಿಟ್ಟು ಬದಲಾವಣೆ ಏಕೆ ಬೇಕಾಯಿತು ಎಂಬುದನ್ನು ವಿವರಿಸಬೇಕು ಎಂಬ ರೂಢಿಯನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿತೆ. ಏನು ಬದಲಾಯಿತೆಂಬುದನ್ನು ಕೋಡ್ ತಾನೇ ತೋರಿಸುತ್ತದೆ; ಏಕೆ ಎಂಬುದು ಬರೆದವನ ತಲೆಯಲ್ಲಿ ಮಾತ್ರ ಇರುತ್ತದೆ. ಮೊದಲ ಆರು ತಿಂಗಳು ಆ "ಏಕೆ"ಯನ್ನು ಕನ್ನಡದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಇಂಗ್ಲಿಷಿಗೆ ತರುತ್ತಿದ್ದೆ. ದಿನಕ್ಕೆ ನಾಲ್ಕೈದು ವಾಕ್ಯ ಅಷ್ಟೆ.

ನಮ್ಮ ಕಡೆಯ ಇಂಗ್ಲಿಷಿನ ಬಗ್ಗೆಯೂ ಎಚ್ಚರವಿರಲಿ. ಪ್ರಶ್ನೆ ಇದೆ ಎನ್ನಲು ನಾವು "ಡೌಟ್" ಇದೆ ಎನ್ನುತ್ತೇವೆ. ನಾನು ಅಮೆರಿಕದ ಗ್ರಾಹಕರೊಬ್ಬರಿಗೆ ಅವರ ವಿನ್ಯಾಸದ ಮೇಲೆ ಡೌಟ್ ಇದೆ ಎಂದು ಬರೆದಾಗ, ಅದು ಸರಿಯಿಲ್ಲವೆಂದು ನಾನು ಹೇಳುತ್ತಿದ್ದೇನೆಂದು ಅವರು ಭಾವಿಸಿ ದೀರ್ಘ ಸಮರ್ಥನೆಯನ್ನು ಕಳುಹಿಸಿದರು. ನನಗೆ ಬೇಕಾಗಿದ್ದದ್ದು ಒಂದು ಗುಂಡಿಯ ಬಣ್ಣ.

ಉತ್ತರ 4: ತಾಂತ್ರಿಕ ಬರಹಗಾರ್ತಿ, ಮೈಸೂರು

ಎರಡೂ ಕಡೆಯ ಮಾತು ನಿಜವಾದರೂ, ವೃತ್ತಿಯ ಕಾರಣದಿಂದ ಒಂದು ಪದದತ್ತ ಗಮನ ಸೆಳೆಯುತ್ತೇನೆ: "ಬೇಕು". "ಪಾಸ್‌ವರ್ಡ್ ಎಂಟು ಅಕ್ಷರ ಇರಬೇಕು" ಎಂದು ಬರೆದರೆ ಅದು ಕಟ್ಟಳೆಯೋ ಸಲಹೆಯೋ? ಓದುವವನು ಪ್ರೋಗ್ರಾಮರ್ ಆಗಿದ್ದರೆ ಎರಡಕ್ಕೂ ಬೇರೆ ಕೋಡ್ ಬರೆಯುತ್ತಾನೆ. ಇಂಗ್ಲಿಷಿಗೂ ಈ ಗೊಂದಲ ತಪ್ಪಿಲ್ಲ. ಆದ್ದರಿಂದಲೇ ಅಂತರಜಾಲದ ನಿಯಮಗಳನ್ನು ರೂಪಿಸುವವರು 1997ರಲ್ಲಿ ಆರ್‌ಎಫ್‌ಸಿ 2119 ಎಂಬ ಪುಟ್ಟ ದಾಖಲೆಯಲ್ಲಿ ಮಸ್ಟ್, ಶುಡ್, ಮೇ ಮುಂತಾದ ಪದಗಳಿಗೆ ಖಚಿತ ಅರ್ಥ ಕಟ್ಟಿಕೊಟ್ಟರು. ನಮ್ಮ ಸರ್ಕಾರಿ ಕನ್ನಡವನ್ನು ನಾವು ನಗುತ್ತೇವೆ, ಆದರೆ "ಸಲ್ಲಿಸತಕ್ಕದ್ದು", "ಸಲ್ಲಿಸಬಹುದು" ಎಂಬ ಅದರ ಭೇದ ಇದೇ ಕೆಲಸವನ್ನು ಮಾಡುತ್ತದೆ.

ಬರೆದಿಡುವುದಷ್ಟೇ ಸಾಲದು, ಬರೆದದ್ದು ತಲುಪಬೇಕಾದಲ್ಲಿಗೆ ತಲುಪಬೇಕು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ನಾಶವಾಯಿತು. ನೌಕೆಯನ್ನು ತಳ್ಳುವ ಎಂಜಿನುಗಳ ಲೆಕ್ಕವನ್ನು ನ್ಯೂಟನ್-ಸೆಕೆಂಡಿನಲ್ಲಿ ಕೊಡಬೇಕೆಂದು ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ಭೂಮಿಯ ಮೇಲಿನ ಒಂದು ತಂತ್ರಾಂಶ ಮಾತ್ರ ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು, ಹೀಗಾಗಿ ನೌಕೆಯ ದಾರಿಯ ಲೆಕ್ಕ ತಪ್ಪಿತು. ಈ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಹೇಳದಿರುವುದು ಏನೆಂದರೆ, ಲೆಕ್ಕಗಳು ಹೊಂದುತ್ತಿಲ್ಲವೆಂಬುದು ಮೊದಲೇ ಕೆಲವರ ಗಮನಕ್ಕೆ ಬಂದಿತ್ತು. ಅವರು ಅದನ್ನು ವಿಧಿವತ್ತಾದ ದೋಷವರದಿಯಾಗಿ ದಾಖಲಿಸದೆ ಇಮೇಲ್‌ಗಳಲ್ಲಿ ಬಗೆಹರಿಸಿಕೊಳ್ಳಲು ಹೊರಟಿದ್ದರು ಎಂದು ತನಿಖಾ ಮಂಡಳಿ ಗುರುತಿಸಿತು. ನಿಮ್ಮ ಇಂಟರ್ನ್‌ಶಿಪ್‌ನಲ್ಲಿ ಟಿಕೆಟ್ ವ್ಯವಸ್ಥೆ (ದೋಷಗಳನ್ನು ಒಂದೊಂದಾಗಿ ದಾಖಲಿಸಿಡುವ ತಂತ್ರಾಂಶ) ಇದ್ದರೆ, ಚಾಟ್‌ನಲ್ಲಿ ಹೇಳಿದ್ದನ್ನು ಅಲ್ಲಿಯೂ ದಾಖಲಿಸಿ. ಚಾಟ್ ಸಂಜೆಯ ಹೊತ್ತಿಗೆ ಮೇಲಕ್ಕೆ ಸರಿದುಹೋಗಿರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಆ ದೋಷವನ್ನು ಹೀಗೆ ಬರೆದು ಟಿಕೆಟ್ ಹಾಕಿದೆ: "ಪರೀಕ್ಷಾ ಸರ್ವರ್, ಆಂಡ್ರಾಯ್ಡ್ ಫೋನಿನ ಕ್ರೋಮ್. ಹೊಸ ಬಳಕೆದಾರರ ಖಾತೆಯಿಂದ ಸರಿಯಾದ ಪಾಸ್‌ವರ್ಡ್ ಕೊಟ್ಟಾಗ ಮುಖಪುಟ ತೆರೆಯಬೇಕಿತ್ತು. ಲಾಗಿನ್ ಪುಟವೇ ಮತ್ತೆ ಬರುತ್ತದೆ, ಯಾವ ದೋಷಸಂದೇಶವೂ ಇಲ್ಲ. ಐದರಲ್ಲಿ ಐದು ಸಲವೂ ಹೀಗಾಯಿತು. ಹಳೆಯ ಖಾತೆಗಳಲ್ಲಿ ಆಗುತ್ತಿಲ್ಲ. ಊಹೆ: ಹೊಸ ಖಾತೆಗಳು ಇನ್ನೂ ದೃಢೀಕರಣವಾಗಿಲ್ಲ." ಮೊದಲು ಕನ್ನಡದಲ್ಲಿ ಬರೆದುಕೊಂಡೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ನನ್ನ ಊಹೆ ತಪ್ಪಾಗಿತ್ತು, ಆದರೆ ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಉಪನ್ಯಾಸಕರಲ್ಲಿ ಒಂದು ಕೋರಿಕೆ. ಪೈಥಾನ್ ಚರಿತ್ರೆಯನ್ನು ತೆಗೆದರೆ, ವಿಭಾಗದವರು ಕೊಟ್ಟ ನಮೂನೆಯಲ್ಲಿರುವ ಒಂದು ಅಧ್ಯಾಯವೇ ಖಾಲಿಯಾಗುತ್ತದೆ. ಏನು ಮಾಡಲಿ?

ಉತ್ತರ 5: ಉಪನ್ಯಾಸಕ, ತಾಂತ್ರಿಕ ಕಾಲೇಜು

ನಮೂನೆಯನ್ನು ಮತ್ತೊಮ್ಮೆ ಓದಿ ನೋಡಿ. ಬಹುಪಾಲು ಅದರಲ್ಲಿ ಇರುವುದು "ತಂತ್ರಾಂಶದ ಅಗತ್ಯಗಳು" ಎಂಬ ಶೀರ್ಷಿಕೆ, ಪೈಥಾನ್ ಚರಿತ್ರೆಯಲ್ಲ. ಬಳಸಿದ ಭಾಷೆ ಮತ್ತು ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳ) ಆವೃತ್ತಿ ಸಂಖ್ಯೆಗಳನ್ನು, ಪ್ರತಿಯೊಂದನ್ನೂ ಏಕೆ ಆರಿಸಿಕೊಂಡಿರಿ ಎಂಬ ಒಂದೊಂದು ವಾಕ್ಯದೊಡನೆ ಅರ್ಧ ಪುಟದಲ್ಲಿ ಬರೆಯಿರಿ. ಮುಂದಿನ ವರ್ಷದ ವಿದ್ಯಾರ್ಥಿ ನಿಮ್ಮ ಪ್ರಾಜೆಕ್ಟನ್ನು ತನ್ನ ಯಂತ್ರದಲ್ಲಿ ಓಡಿಸಲು ಆ ಅರ್ಧ ಪುಟ ಸಾಕಾಗಬೇಕು. ಉಳಿದ ಜಾಗಕ್ಕೆ, ಕೆಲಸ ಮಾಡದೆ ಕೈಬಿಟ್ಟ ವಿಧಾನಗಳ ಕತೆ ನಿಮ್ಮ ಬಳಿ ಇದ್ದೇ ಇರುತ್ತದೆ. ಸಾರಾಂಶದ ಹೊಸ ಕರಡು ಸಿದ್ಧವಾದಾಗ ಇಲ್ಲಿ ಹಾಕಿ, ಓದುತ್ತೇನೆ.