ಸಹಾಯ ಬೇಕು: ನಾವು ವಾಸವಿಲ್ಲದ ದೇಶದಲ್ಲಿ ಬ್ಯಾಂಕ್ ಖಾತೆ ತೆರೆದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಹೊರದೇಶದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡಿಕೊಡ್ತೀನಿ. ದೇಶದೇಶಗಳ ಬ್ಯಾಂಕುಗಳನ್ನು ಜೋಡಿಸೋ ಸ್ವಿಫ್ಟ್ ಜಾಲದಲ್ಲಿ ದುಡ್ಡು ಬರುವಾಗಲೆಲ್ಲ ನಡುವಿನ ಬ್ಯಾಂಕುಗಳೂ ಒಂದಿಷ್ಟು ಮುರಿದುಕೊಳ್ತವೆ. ಅದಕ್ಕೇ ಅಲ್ಲೇ ಒಂದು ಖಾತೆ ತೆರೆಯೋಣ ಅಂತ ಹೊರಟೆ.

ಎರಡು ತಿಂಗಳಾಯ್ತು, ಕೂತಲ್ಲೇ ಅಲೆದಾಟ. ಅರ್ಜಿಯಲ್ಲಿ ಪಿನ್‌ಕೋಡ್ ಜಾಗಕ್ಕೆ ಐದೇ ಅಂಕಿ ಹಿಡಿಸುತ್ತೆ, ನನ್ನದರ ಕೊನೆಯ ಸೊನ್ನೆ ಹೊರಗೇ ಉಳೀತು! ಅದು ಹೇಗೋ ದಾಟಿತು. ವಿಳಾಸಕ್ಕೆ ಕರೆಂಟ್ ಬಿಲ್ ಕಳಿಸಿದೆ. ಅಪ್ಪನ ಹೆಸರಲ್ಲಿದೆ, ಆಗಲ್ಲ ಅಂದ್ರು. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಮೂರು ತಿಂಗಳಿಗಿಂತ ಹಳೆಯದು ಅಂದ್ರು. ತೆರಿಗೆ ಯಾವ ದೇಶದಲ್ಲಿ ಕಟ್ತೀರಿ ಅನ್ನೋ ಸ್ವಯಂ ಘೋಷಣೆಯನ್ನೂ ತುಂಬಿಸಿಕೊಂಡ್ರು. ಅದು ಸರಿಯೇ, ದೇಶಗಳು ಖಾತೆಗಳ ಮಾಹಿತಿ ಹಂಚಿಕೊಳ್ಳುವ ಸಿಆರ್‌ಎಸ್ ವ್ಯವಸ್ಥೆಗೆ ಅದು ಬೇಕು. ನನಗೂ ಮುಚ್ಚಿಡುವಂಥದ್ದೇನಿಲ್ಲ.

ಈಗ ಪಾಸ್‌ಪೋರ್ಟ್ ಪ್ರತಿಗೆ ಅಪಾಸ್ಟಿಲ್ (ದಾಖಲೆ ಹೊರದೇಶದಲ್ಲೂ ನಡೆಯಲಿ ಅಂತ ಸರ್ಕಾರ ಕೊಡೋ ದೃಢೀಕರಣ) ಮಾಡಿಸಿ ಅಂತಿದ್ದಾರೆ. ಅದನ್ನು ಪರಸ್ಪರ ಒಪ್ಪಿಕೊಳ್ಳುವ 1961ರ ಹೇಗ್ ಒಪ್ಪಂದದಲ್ಲಿ ಎರಡೂ ದೇಶಗಳಿವೆ. ಆದರೆ ಅಪಾಸ್ಟಿಲ್ ದೃಢೀಕರಿಸೋದು ಸಹಿ, ಸಹಿ ಹಾಕಿದವರ ಅಧಿಕಾರ, ಮೊಹರನ್ನು ಮಾತ್ರ, ಒಳಗಿನ ವಿಷಯವನ್ನಲ್ಲ. ಹಾಗಾಗಿ ಪ್ರತಿಗೆ ಮೊದಲು ನೋಟರಿ ಮಾಡಿಸಬೇಕಲ್ವಾ? ಮಾಡಿಸಿದವರು ಕ್ರಮ ತಿಳಿಸಿ.

ಇನ್ನೊಂದು: ಖುದ್ದಾಗಿ ಹೋಗದೆ, ವಿಡಿಯೋ ಕರೆಯಲ್ಲೇ ಗುರುತು ಪರಿಶೀಲಿಸಿ ಯಾರಿಗಾದರೂ ಖಾತೆ ಕೊಟ್ಟಿದ್ದಾರಾ? ಕನಿಷ್ಠ ಠೇವಣಿ ಎಷ್ಟು ಕೇಳಿದ್ರು?

"ಐಬಿಎಎನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೊಡೋ ಆ್ಯಪ್ ಹಾಕ್ಕೊಳ್ಳಿ ಸಾಕು" ಅಂತ ಗೆಳೆಯ ಹೇಳ್ತಾನೆ. ಅವುಗಳಲ್ಲಿ ಹಲವು ಬ್ಯಾಂಕ್ ಅಲ್ಲ, ಠೇವಣಿ ವಿಮೆಯೂ ಇರಲ್ಲ. ಸಂಬಳ ದಾಟಿಸೋಕೆ ಸರಿ, ಕೂಡಿಡೋಕೆ ಯಾಕೋ ಧೈರ್ಯ ಬರ್ತಿಲ್ಲ. ಬಳಸ್ತಿರೋರು ಅನುಭವ ಹೇಳಿ, ದಯವಿಟ್ಟು.