‘ಟ್ಯಾಗ್’ ಎಂಬುದಕ್ಕೆ ಹಣೆಪಟ್ಟಿಯೇ, ಸೂಚಕಪದವೇ, ಗುರುತೇ?

ಮಾನ್ಯರೇ,

ನಮ್ಮ ಕಚೇರಿಯ ಡಿಜಿಟಲ್ ಕಡತಗಳನ್ನು ಹೊಸದಾಗಿ ಜೋಡಿಸುವ ಕೆಲಸ ಕೆಲವು ತಿಂಗಳಿಂದ ನನ್ನ ಪಾಲಿಗೆ ಬಂದಿದೆ. ಯಾವ ಕಡತಕ್ಕೆ ಯಾವ ಟ್ಯಾಗ್, ಅಂದರೆ ಆಮೇಲೆ ಹುಡುಕಲು ನೆರವಾಗುವ ಚಿಕ್ಕ ಪದ, ಹಾಕಬೇಕೆಂದು ಸಹೋದ್ಯೋಗಿಗಳಿಗೆ ತಿಳಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಮೊದಲ ವಾಕ್ಯದಲ್ಲೇ ತೊಡಕು ಎದುರಾಯಿತು. ‘ಟ್ಯಾಗ್’ ಎಂಬುದಕ್ಕೆ ಹಣೆಪಟ್ಟಿ, ಸೂಚಕಪದ, ವರ್ಗ, ಗುರುತು ಎಂಬ ನಾಲ್ಕು ಪದಗಳನ್ನು ನಾವು ನಾಲ್ವರು ನಾಲ್ಕು ಕಡೆ ಬಳಸಿದ್ದೆವು. ಇವುಗಳಲ್ಲಿ ಯಾವುದು ಹೊಂದುತ್ತದೆ ಎಂಬ ಪ್ರಶ್ನೆಯನ್ನು, ನಾನು ಈವರೆಗೆ ಯೋಚಿಸಿರುವುದರೊಂದಿಗೆ, ತಮ್ಮ ಮುಂದಿಡುತ್ತಿದ್ದೇನೆ.

‘ಕಡತ’ದ ವಿಷಯದಲ್ಲಿ ಸಂದೇಹವಿಲ್ಲ. ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಆ ಹೆಸರಿತ್ತು. ಬಟ್ಟೆಯಿಂದ ಕಾಗದಕ್ಕೆ, ಕಾಗದದಿಂದ ಕಂಪ್ಯೂಟರಿಗೆ ಅದು ಯಾರನ್ನೂ ಕೇಳದೆ ನಡೆದುಬಂದಿದೆ. ಫೋಲ್ಡರಿಗೆ ‘ಕಡತಕೋಶ’ ಅಥವಾ ಬರಿಯ ‘ಕೋಶ’ ಎಂದರೂ ಅರ್ಥವಾಗುತ್ತದೆ, ಏಕೆಂದರೆ ಕೋಶಕ್ಕೆ ಒಳಗು ಎಂಬುದಿದೆ. ಒಂದು ವಸ್ತು ಒಂದು ಹೊತ್ತಿನಲ್ಲಿ ಒಂದೇ ಕೋಶದೊಳಗೆ ಇರುತ್ತದೆ. ಟ್ಯಾಗಿಗೆ ಒಳಗು ಎಂಬುದಿಲ್ಲ. ಒಂದೇ ಕಡತಕ್ಕೆ ಐದು ಟ್ಯಾಗುಗಳಿದ್ದರೂ ಕಡತ ಇದ್ದಲ್ಲೇ ಇರುತ್ತದೆ. ‘ವರ್ಗ’ ಎಂದೊಡನೆ ಓದುವವರು ಮತ್ತೆ ಕೋಶವನ್ನೇ ಕಲ್ಪಿಸಿಕೊಂಡು, ‘ಇದು ಯಾವುದರೊಳಗೆ ಹೋಗಬೇಕು’ ಎಂದು ಕೇಳುತ್ತಾರೆ. ಆದ್ದರಿಂದ ಅದನ್ನು ಕೈಬಿಟ್ಟೆ.

‘ಹಣೆಪಟ್ಟಿ’ ಕಣ್ಣಿಗೆ ಕಟ್ಟುವ ಪದ. ಆದರೆ ಅದರ ಬಳಕೆಯಲ್ಲಿ ಕಹಿ ಸೇರಿಕೊಂಡಿದೆ. ‘ಅವನಿಗೆ ಸೋಮಾರಿಯೆಂಬ ಹಣೆಪಟ್ಟಿ ಕಟ್ಟಿದರು’ ಎಂಬಲ್ಲಿ ಕಟ್ಟಿದವರು ಬೇರೆಯವರು, ಕಟ್ಟಿಸಿಕೊಂಡವನಿಗೆ ಅದನ್ನು ಬಿಚ್ಚುವ ದಾರಿಯಿಲ್ಲ. ನಮಗೆ ಬೇಕಾದುದು ಹಲವು ಇರಬಲ್ಲ, ಬೇಡವೆನಿಸಿದಾಗ ತೆಗೆಯಬಲ್ಲ ಒಂದು ಚಿಕ್ಕ ಸಂಗತಿ. ‘ಸೂಚಕಪದ’ದ ಮೇಲೆ ನನಗೆ ಗೌರವವಿದೆ, ಆದರೆ ಅದನ್ನು ಬರೆಹದ ಒಳಗಿನಿಂದಲೇ ಆರಿಸಿದ ಪದಕ್ಕೆ ಮೀಸಲಿಡುವುದು ಮೇಲೆಂದು ತೋರುತ್ತದೆ. ಸ್ಕ್ಯಾನ್ ಮಾಡಿಟ್ಟ ಒಂದು ಬಿಲ್ಲಿನಲ್ಲಿ ‘ತುರ್ತು’ ಎಂಬ ಪದ ಎಲ್ಲಿಯೂ ಇರುವುದಿಲ್ಲ. ಅದನ್ನು ಹೊರಗಿನಿಂದ ನಾವು ಹಚ್ಚುತ್ತೇವೆ.

ಉಳಿದದ್ದು ‘ಗುರುತು’. ಸದ್ಯ ನನ್ನ ಒಲವು ಇದರ ಕಡೆಗೇ ಇದೆ, ಆದರೆ ಇದರ ಕ್ರಿಯಾಪದ ತೊಡಕಿನದು. ‘ಈ ಕಡತಗಳನ್ನು ಗುರುತಿಸಿ’ ಎಂದು ಬರೆದರೆ ಹುಡುಕಿ ಪತ್ತೆಮಾಡಬೇಕೋ, ಟ್ಯಾಗ್ ಹಾಕಬೇಕೋ ತಿಳಿಯದು. ಹೀಗಾಗಿ ಕೈಪಿಡಿಯ ಉದ್ದಕ್ಕೂ ‘ಗುರುತು ಹಚ್ಚಿ’, ‘ಗುರುತು ತೆಗೆಯಿರಿ’ ಎಂದೇ ಬರೆದು, ‘ಗುರುತಿಸು’ ಎಂಬ ರೂಪವನ್ನು ಬೇಕೆಂದೇ ದೂರವಿಟ್ಟಿದ್ದೇನೆ.

ಇನ್ನು ಗುರುತುಗಳಾಗಿ ಬಳಸುವ ಪದಗಳ ಮಾತು. ಒಂದೇ ಬಗೆಯ ಪತ್ರಕ್ಕೆ ಒಬ್ಬರು ‘ಒಪ್ಪಂದ’ ಎಂದೂ ಇನ್ನೊಬ್ಬರು ‘ಕರಾರು’ ಎಂದೂ ಮತ್ತೊಬ್ಬರು ‘ಕರಾರುಪತ್ರ’ ಎಂದೂ ಗುರುತು ಹಚ್ಚಿದ್ದರು. ರಶೀದಿ, ರಸೀದಿ ಎಂಬ ಎರಡೂ, ಬಿಲ್, ಬಿಲ್ಲು, ಬಿಲ್ಲುಗಳು ಎಂಬ ಮೂರೂ ನಮಗೆ ಒಂದೊಂದೇ ಪದವಾದರೂ ಕಂಪ್ಯೂಟರಿಗೆ ಬೇರೆ ಬೇರೆ. ‘ಕೊಟೇಶನ್’ ಎಂಬ ಗುರುತಂತೂ ಅಕ್ಷರವೂ ವ್ಯತ್ಯಾಸವಿಲ್ಲದೆ ಪಟ್ಟಿಯಲ್ಲಿ ಎರಡು ಬಾರಿ ಕಾಣಿಸುತ್ತಿತ್ತು. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ‘ಕೊ’ ಎಂಬಲ್ಲಿನ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಇವೆರಡನ್ನೂ ಒಂದೆಂದು ಎಣಿಸದ ತಂತ್ರಾಂಶದಲ್ಲಿ ಒಂದೇ ಪದ ಎರಡಾಗುತ್ತದೆ. ಗುರುತನ್ನು ಪ್ರತಿಸಲವೂ ಟೈಪ್ ಮಾಡುವ ಬದಲು ಸಿದ್ಧಪಟ್ಟಿಯಿಂದ ಆರಿಸಬೇಕೆಂಬ ನಿಯಮವನ್ನು ನಾವು ಮಾಡಿಕೊಂಡದ್ದು ಇದಾದ ಮೇಲೆ. ಗ್ರಂಥಾಲಯದವರು ಮೊದಲಿನಿಂದಲೂ ಮಾಡುತ್ತ ಬಂದಂತೆ ಒಂದು ಪದವನ್ನು ನಿಲ್ಲಿಸಿ, ಉಳಿದವುಗಳ ಮುಂದೆ ‘ಒಪ್ಪಂದ ನೋಡಿ’ ಎಂದು ಬರೆದಿದ್ದೇವೆ. ಇಂಥ ಪಟ್ಟಿಗೆ ‘ನಿಯಂತ್ರಿತ ಪದಕೋಶ’ ಎನ್ನುವುದುಂಟು, ಆದರೆ ಅದು ಯಾರನ್ನೋ ಅಂಕೆಯಲ್ಲಿಟ್ಟಂತೆ ಕೇಳಿಸುತ್ತದೆ. ‘ಒಪ್ಪಿತ ಪದಪಟ್ಟಿ’ ಎಂದರೆ ಎಲ್ಲರೂ ಕೂಡಿ ಒಪ್ಪಿಕೊಂಡದ್ದು ಎಂಬ ಭಾವವೂ ಬರುತ್ತದೆಂದು ನನ್ನ ಎಣಿಕೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಟ್ಟ ಪದ ‘ಅಂತಿಮ’. ಕರಡು ಬರೆದವರಿಗೆ ಅದು ‘ನಾನು ಕೊನೆಯದಾಗಿ ತಿದ್ದಿದ್ದು’. ಸಹಿ ಹಾಕುವವರಿಗೆ ಅದು ‘ಇನ್ನು ತಿದ್ದುವಂತಿಲ್ಲದ್ದು’. ಒಂದೇ ವರದಿಯ ಮೂರು ಪ್ರತಿಗಳಿಗೂ ಆ ಗುರುತು ಹಚ್ಚಿದ್ದರಿಂದ, ಒಮ್ಮೆ ಒಪ್ಪಿಗೆ ದೊರೆಯದ ಪ್ರತಿಯೇ ಹೊರಗೆ ಹೋಯಿತು. ಆಮೇಲೆ ‘ಅಂತಿಮ’ವನ್ನು ಪಟ್ಟಿಯಿಂದಲೇ ತೆಗೆದು ಕರಡು, ಪರಿಶೀಲನೆಯಲ್ಲಿ, ಅನುಮೋದಿತ ಎಂಬ ಮೂರನ್ನು ಇಟ್ಟೆವು. ಯಾರು ಏನು ಮಾಡಿದ ಮೇಲೆ ಒಂದು ಗುರುತು ಸಲ್ಲುತ್ತದೆ ಎಂಬುದು ಆ ಪದದಿಂದಲೇ ತಿಳಿಯಬೇಕು. ‘ಅಂತಿಮ’ಕ್ಕೆ ಆ ಶಕ್ತಿಯಿಲ್ಲ.

ಗುರುತುಗಳನ್ನು ಗುಂಪುಗೂಡಿಸುವಾಗ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ದಾರಿ ನೆರವಿಗೆ ಬಂತು. 1933ರಲ್ಲಿ ಪ್ರಕಟವಾದ ತಮ್ಮ ಕೋಲನ್ ವರ್ಗೀಕರಣದಲ್ಲಿ, ಅಂದರೆ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಪದ್ಧತಿಯಲ್ಲಿ, ಅವರು ಪ್ರತಿ ವಿಷಯಕ್ಕೂ ಮೊದಲೇ ಒಂದು ಮನೆ ಕಟ್ಟಿಡುವ ಬದಲು, ಹಲವು ಮುಖಗಳನ್ನು ಜೋಡಿಸಿ ವಿಷಯವನ್ನು ಹೇಳುವ ಕ್ರಮವನ್ನು ತಂದರು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳು ಅವರವೇ. ನಮಗೆ ಬಗೆ, ವಿಷಯ, ಹಂತ, ಕಾಲ ಎಂಬ ನಾಲ್ಕು ಸಾಕಾದವು. ಕಾಲವನ್ನು, ದಿನಾಂಕ ಬರೆಯುವ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 8601ರ ಕ್ರಮದಂತೆ, ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿ 2024-03-15 ಎಂದು ಬರೆಯುತ್ತೇವೆ. ಹೆಸರಿನ ಪ್ರಕಾರ ಜೋಡಿಸಿದರೂ ದಿನಾಂಕದ ಅನುಕ್ರಮ ಕೆಡುವುದಿಲ್ಲ. ಈ ನಾಲ್ಕನ್ನು ನಾನು ಕಡತದ ‘ಮುಖಗಳು’ ಎಂದು ಕರೆದಿದ್ದೇನೆ. ಆದರೆ ಸಹೋದ್ಯೋಗಿಯೊಬ್ಬರು ಅದನ್ನು ಮುಖಪುಟವೆಂದು ತಿಳಿದರು.

ಹೀಗಾಗಿ ಬಲ್ಲವರಲ್ಲಿ ನನ್ನ ವಿನಂತಿ. ‘ಗುರುತು ಹಚ್ಚು’ ಎಂಬುದು ತಮ್ಮ ಕಿವಿಗೆ ಸಹಜವಾಗಿದೆಯೇ, ಅಥವಾ ‘ಗುರುತು ಹಾಕು’ ಎಂಬುದೇ ಮೇಲೇ? ‘ಮುಖ’ಕ್ಕೆ ಬದಲಾಗಿ ‘ಮಗ್ಗುಲು’ ಎಂದರೆ ಹೊಂದೀತೇ? ಕಾಗದದ ಕಡತಗಳ ಕಾಲದಲ್ಲಿ ದಾಖಲೆ ಕೊಠಡಿಯಲ್ಲಿ ದುಡಿದವರು ಇಲ್ಲಿದ್ದರೆ, ಕಟ್ಟುಗಳಿಗೆ ದಾರದಿಂದ ಕಟ್ಟುತ್ತಿದ್ದ ಆ ಸಣ್ಣ ಚೀಟಿಯನ್ನು ತಾವು ತಮ್ಮತಮ್ಮಲ್ಲಿ ಏನೆಂದು ಕರೆಯುತ್ತಿದ್ದಿರಿ ಎಂಬುದನ್ನು ದಯವಿಟ್ಟು ತಿಳಿಸಬೇಕು.