ಪಿಕಪ್ ಮೇಲೆ ಮಲಗುವ ಡಬ್ಬಿ: ಸ್ಪಿತಿ ಚಳಿಗೆ ಒಳಗೆ ಏನು ಹಾಕಲಿ?

ತೋಟದವ, ಶಿರಸಿ

ಕೊನೆಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ನಾನೂ ನನ್ನ ಹೆಂಡತಿಯೂ ನಮ್ಮ ಬೊಲೆರೊ ಪಿಕಪ್‌ನಲ್ಲೇ ಹಿಮಾಚಲಕ್ಕೆ ಹೊರಟಿದ್ದೇವೆ. ಶಿಮ್ಲಾ, ರಿಕಾಂಗ್ ಪಿಯೊ, ನಾಕೊ, ತಾಬೊ, ಕೊನೆಗೆ ಸ್ಪಿತಿ ಕಣಿವೆಯ ಕಾಜಾ. ಅಲ್ಲಿ ಆಗಲೂ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತೆ. ನಮ್ಮ ಮಟ್ಟಿಗೆ ಚಳಿ ಅಂದ್ರೆ ಡಿಸೆಂಬರ್‌ನಲ್ಲಿ ಬಚ್ಚಲೊಲೆ ಮುಂದಿನಿಂದ ಏಳೋಕೆ ಮನಸ್ಸಾಗದಷ್ಟು, ಅಷ್ಟೇ.

ಡಬ್ಬಿ ನಾನೇ ಕಟ್ಟಿದ್ದು. ಸ್ಕ್ವೇರ್ ಪೈಪಿನ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು. ಬೋಲ್ಟ್ ಬಿಚ್ಚಿದರೆ ಇಳಿಸಬಹುದು, ಯಾಕಂದ್ರೆ ವಾಪಸ್ ಬಂದ ಮೇಲೆ ಗೊಬ್ಬರ ಹೊರುವುದೂ ಅದೇ ಗಾಡಿ. ಓಡುವಾಗ ಹಿಂದೆ ಯಾರೂ ಕೂರಲ್ಲ. ಆರ್‌ಟಿಒದಲ್ಲಿ ಅನುಮತಿ ಕೇಳಿಕೊಂಡೇ ಮುಂದಿನ ಕೆಲಸ.

ಮೊನ್ನೆ ಅಂಗಳದಲ್ಲೇ ನಿಲ್ಲಿಸಿ ಒಳಗೆ ಮಲಗಿ ನೋಡಿದೆವು. ಬಾಗಿಲು ಕಿಟಕಿ ಎಲ್ಲ ಬಿಗಿ. ಬೆಳಿಗ್ಗೆ ನೋಡಿದರೆ ತಗಡಿನ ಒಳಮೈ ತುಂಬ ಹನಿ. ಒಂದೊಂದು ರಿವೆಟ್ ತಲೆಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು, ಗೋಡೆಗೆ ತಾಗಿದ್ದ ದಿಂಬಿನ ಮೂಲೆ ಹಿಂಡಿದರೆ ನೀರು ಬರುವಷ್ಟು ಒದ್ದೆ. "ಇದು ಸರಿಯಾಗದೆ ನಾನು ಬರಲ್ಲ" ಅಂದಿದ್ದಾಳೆ.

ಥರ್ಮಾಕೋಲ್ ಹಾಕಲಾ, ಗ್ಲಾಸ್‌ವೂಲ್ ಹಾಕಲಾ? ಬೆಚ್ಚಗಾಗೋಕೆ ಇದ್ದಿಲಿನ ಅಗ್ಗಿಷ್ಟಿಕೆ ಸಾಕು ಅಂತಾರೆ ಪಕ್ಕದ ಮನೆಯವರು. ಗೊತ್ತಿದ್ದವರು ಹೇಳಿ.

ಬಾಡಿ ಕೆಲಸ, ಅಂಕೋಲಾ

ನಾನು ಮೀನಿನ ಗಾಡಿಗಳಿಗೆ ಐಸ್ ಬಾಡಿ ಕಟ್ಟುವವನು. ನಿಮ್ಮದು ಮೀನಿನ ಡಬ್ಬಿಯನ್ನೇ ತಿರುಗಿಸಿ ಹಾಕಿದ ಹಾಗೆ. ನಮ್ಮಲ್ಲಿ ಒಳಗೆ ತಂಪು, ಪಸೆ ಹೊರಗಿಂದ ಬರುತ್ತೆ. ನಿಮ್ಮಲ್ಲಿ ಒಳಗೆ ಬೆಚ್ಚಗೆ, ಪಸೆ ಹುಟ್ಟೋದೇ ನಿಮ್ಮ ಉಸಿರಿಂದ. ಆ ಉಸಿರು ತಣ್ಣನೆ ತಗಡನ್ನು ಮುಟ್ಟದ ಹಾಗೆ ಮಾಡೋದೇ ಕೆಲಸ. ಎಷ್ಟು ದಪ್ಪ ಹಾಕಿದಿರಿ ಅನ್ನೋದು ಆಮೇಲಿನ ಮಾತು.

ಗ್ಲಾಸ್‌ವೂಲ್ ಬೇಡ. ಒಮ್ಮೆ ನೀರು ಕುಡಿದರೆ ಕುಗ್ಗಿ ಕೂರುತ್ತೆ, ತಗಡಿನ ಹಿಂದೆ ಒಣಗೋದೂ ಇಲ್ಲ. ಮಾಮೂಲಿ ಥರ್ಮಾಕೋಲ್ ಗಾಡಿಯ ಅದುರಿಗೆ ಕಾಳು ಕಾಳು ಉದುರುತ್ತೆ. ಎಕ್ಸ್‌ಪಿಎಸ್ ಅನ್ನೋ ಫೋಮ್ ಹಲಗೆ ತನ್ನಿ, ಗಟ್ಟಿ ಇರುತ್ತೆ, ನೀರು ಹೀರಲ್ಲ. ತಗಡಿಗೆ ಪೂರ್ತಿ ಅಂಟಿಸಿ, ಸಂದುಗಳಿಗೆ ಸ್ಪ್ರೇ ಫೋಮ್ ಹೊಡೆದು, ಮೇಲೆ ಅಲ್ಯೂಮಿನಿಯಂ ಟೇಪ್ ಎಳೆಯಿರಿ.

ಎಲ್ಲರೂ ಮರೆಯೋದು ಪೈಪುಗಳನ್ನ. ನಡುನಡುವೆ ಎಷ್ಟೇ ಫೋಮ್ ತುಂಬಿ, ಸ್ಕ್ವೇರ್ ಪೈಪು ಹೊರಗಿನ ಚಳಿಯನ್ನ ನೇರ ಒಳಗೆ ತರುತ್ತೆ. ಒಂದೊಂದು ಪೈಪಿನ ಮೇಲೂ ನೈಟ್ರೈಲ್ ರಬ್ಬರ್ ಪಟ್ಟಿ ಅಂಟಿಸಿ, ಆಮೇಲೆ ಪ್ಲೈವುಡ್. ಎಸಿ ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಇದೆಯಲ್ಲ, ಅದೇ. ಹುಬ್ಬಳ್ಳಿಯ ಎಸಿ ಸಾಮಾನಿನ ಅಂಗಡಿಗಳಲ್ಲಿ ಕೇಳಿ.

ಇಷ್ಟೆಲ್ಲ ಮಾಡಿ ಪೂರ್ತಿ ಮುಚ್ಚಿದರೆ ಮತ್ತೆ ಒದ್ದೆಯೇ. ಚಾವಣಿಯಲ್ಲಿ ಒಂದು ಗಾಳಿಕಿಂಡಿ, ಕೆಳಗೆ ಎದುರು ಮೂಲೆಯಲ್ಲಿ ಇನ್ನೊಂದು. ಎಷ್ಟೇ ಚಳಿ ಇರಲಿ, ರಾತ್ರಿ ಎರಡೂ ತೆರೆದಿರಬೇಕು.

ಮಾಜಿ ಫೌಜಿ, ಕುಮಟಾ

ಅಗ್ಗಿಷ್ಟಿಕೆ ಮಾತ್ರ ಬೇಡವೇ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಮುಗಿಯುತ್ತೆ. ಲಡಾಖ್‌ನಲ್ಲಿ ನಮ್ಮ ಬುಖಾರಿಗೆ, ಅಂದ್ರೆ ಕೋಣೆ ಬೆಚ್ಚಗಿಡುವ ಒಲೆಗೆ, ಚಿಮಣಿ ಇತ್ತು, ಆದರೂ ಮಲಗುವ ಮುಂಚೆ ಆರಿಸಲೇಬೇಕಿತ್ತು. ನಿಮ್ಮದು ಇಬ್ಬರು ಮಲಗುವ ಡಬ್ಬಿ.

ಹಾಕೋದಾದರೆ 2 ಕಿಲೋವಾಟ್ ಡೀಸೆಲ್ ಹೀಟರ್ ಹಾಕಿ. ಉರಿಯೋಕೆ ಗಾಳಿ ಹೊರಗಿಂದ ಎಳೆಯುತ್ತೆ, ಹೊಗೆ ಹೊರಗೇ ಬಿಡುತ್ತೆ. ಹೊಗೆ ಪೈಪಿನ ಬಾಯಿ ಬಾಗಿಲು, ಕೆಳಗಿನ ಕಿಂಡಿ ಎರಡರಿಂದಲೂ ದೂರ ಇರಲಿ, ಹಿಮದಲ್ಲಿ ಮುಚ್ಚಿಹೋಗಬಾರದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ತಲೆ ಹತ್ತಿರ ಹಾಕಿ, ಇದರಲ್ಲಿ ದುಡ್ಡು ಉಳಿಸಬೇಡಿ. ಎತ್ತರದಲ್ಲಿ ಗಾಳಿ ತೆಳು, ಸುಮ್ನೆ ಕೊಂಡು ಹೋದರೆ ಮಸಿ ಕಟ್ಟಿ ಆರಿಹೋಗುತ್ತೆ. ಎತ್ತರಕ್ಕೆ ತಕ್ಕಂತೆ ಡೀಸೆಲ್ ಕಡಿಮೆ ಮಾಡುವ ವ್ಯವಸ್ಥೆ ಇದೆಯಾ ನೋಡಿಕೊಂಡು ಕೊಳ್ಳಿ.

ಲಿಥಿಯಂ ಬ್ಯಾಟರಿ ಹಾಕಿದ್ದರೆ ಮಂಚದ ಕೆಳಗೆ, ಒಳಗೇ ಇಡಿ. ಅದು ಸೊನ್ನೆಗಿಂತ ಕೆಳಗಿರುವಾಗ ಚಾರ್ಜ್ ಮಾಡಿದರೆ ಹಾಳು. ಅಡುಗೆ ಗ್ಯಾಸನ್ನೂ ನಂಬಿ ಕೂರಬೇಡಿ. ಅದರಲ್ಲಿರುವ ಬ್ಯೂಟೇನ್ ಸೊನ್ನೆಯ ಹತ್ತಿರ ಆವಿಯಾಗೋದೇ ನಿಲ್ಲಿಸುತ್ತೆ. ರಾತ್ರಿಯೇ ಫ್ಲಾಸ್ಕಿಗೆ ಬಿಸಿನೀರು ತುಂಬಿಡಿ.

ಬಯಲುಸೀಮೆಯಲ್ಲಿ ತುಂಬಿಸಿದ ಡೀಸೆಲ್ ಅಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತೆ. ಲಡಾಖ್‌ಗೆ 2019ರಲ್ಲಿ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ಬಂತು. ಅದಕ್ಕೂ ಮುಂಚೆ ಬೆಳಿಗ್ಗೆ ಟ್ಯಾಂಕಿನ ಕೆಳಗೆ ಬೆಂಕಿ ಹಾಕುವ ಡ್ರೈವರ್‌ಗಳನ್ನ ನಾನೇ ನೋಡಿದ್ದೇನೆ. ನೀವು ಹಾಗೆಲ್ಲ ಮಾಡಬೇಡಿ! ಹಳೇ ಲಾರಿಯವರ ಮಾತು ಕೇಳಿ ಸೀಮೆಎಣ್ಣೆ ಬೆರೆಸೋದೂ ಬೇಡ, ಈಗಿನ ಹೊಗೆ ನಿಯಮದ ಬಿಎಸ್6 ಇಂಜಿನ್‌ಗೆ ಅದು ಆಗಲ್ಲ. ಮೇಲೆ ಹೋದ ಹಾಗೆ ಅಲ್ಲಲ್ಲಿಯ ಪಂಪಲ್ಲೇ ತುಂಬಿಸಿ, ಲೋಕಲ್ ಡ್ರೈವರ್‌ಗಳು ಏನು ಹಾಕುತ್ತಾರೆ ಕೇಳಿ.

ಯಲ್ಲಾಪುರದಿಂದ

ಇಷ್ಟೆಲ್ಲ ಯಾಕೆ ಮಾರಾಯ್ರೇ, ಅಲ್ಲಿ ಹೋಂಸ್ಟೇ ಸಿಗುತ್ತಲ್ಲ?

ತೋಟದವ, ಶಿರಸಿ

ಸಿಗುತ್ತೆ. ತೀರಾ ಕಷ್ಟವಾದರೆ ಅಲ್ಲಿಗೇ ಹೋಗೋದು. ಆದರೆ ಡಬ್ಬಿ ಕಟ್ಟುವ ಖುಷಿ ಹೋಂಸ್ಟೇಯಲ್ಲಿ ಎಲ್ಲಿ ಬರುತ್ತೆ?

ಅಗ್ಗಿಷ್ಟಿಕೆ ಕೈಬಿಟ್ಟೆ. ಅಂಕೋಲೆಯವರೇ, ಇನ್ನೊಂದು ಪ್ರಶ್ನೆ. ಹಾಸಿಗೆಯ ಅಡಿಭಾಗವೂ ತಂಡಿಯಾಗಿತ್ತು. ಅದಕ್ಕೂ ರಬ್ಬರ್ ಹಾಕಲಾ?

ಬಾಡಿ ಕೆಲಸ, ಅಂಕೋಲಾ

ನೆಲಕ್ಕೆ ಎಕ್ಸ್‌ಪಿಎಸ್ ಹಾಕಿ. ಮಂಚಕ್ಕೆ ಅಖಂಡ ಪ್ಲೈವುಡ್ ಬೇಡ, ಅಡಿಕೆ ದಬ್ಬೆ ಸಂದು ಬಿಟ್ಟು ಹೊಡೆಯಿರಿ, ಕೆಳಗೆ ಗಾಳಿ ಆಡಬೇಕು. ದಬ್ಬೆ ನಿಮ್ಮಲ್ಲೇ ಇದೆಯಲ್ಲ. ಸಿಬಿರು ಮಾತ್ರ ಚೆನ್ನಾಗಿ ಹೆರೆದು ತೆಗೆಯಿರಿ.